ನಾಲ್ಕು ಸಾವಿರ ಜನ ಬಾಗಿಲಿಗೆ ಬಂದ ಮನೆ

(ಹೋದ ತಿಂಗಳು ಮೈಸೂರಿನಲ್ಲಿ ಒಂದು ಸಣ್ಣ ಓದುಗರ ಬಳಗದ ಮುಂದೆ ಆಡಿದ ಮಾತು ಇದು. ಆಡಿದ ಹಾಗೇ ಬರೆದಿದ್ದೇನೆ, ಅಲ್ಲಲ್ಲಿ ಸ್ವಲ್ಪ ಓರಣ ಮಾಡಿದ್ದೇನೆ. ಕೊನೆಯಲ್ಲಿ ಸಭೆಯಲ್ಲಿದ್ದ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ನಾನು ಬರೆದುಕೊಂಡು ಹೋಗಿದ್ದ ಮಾತಿಗಿಂತ ಆ ಪ್ರಶ್ನೆಯೇ ಚೆನ್ನಾಗಿತ್ತು. ಅದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಮನೆಯ ಕತೆ ಹೇಳುತ್ತೇನೆ ಅಂದಾಗ ಸಂಘಟಕರು "ಯಾವ ಅರಮನೆ ಸಾರ್?" ಅಂತ ಕೇಳಿದರು. ಮೈಸೂರಿನಲ್ಲಿ ಹಾಗೆ ಕೇಳುವುದು ಸಹಜ. ಇದು ಅರಮನೆ ಅಲ್ಲ. ಮರದ ಮನೆ. ಮೂರು ಅಂತಸ್ತು, ಚೌಕಾಕಾರ, ಮುಂದೆ ಒಂದು ಗಂಭೀರವಾದ ಬಾಗಿಲು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿದೆ. ಹೆಸರು ಎಲ್ಮ್‌ವುಡ್. ಕಟ್ಟಿದ್ದು 1767ರಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹೈದರಾಲಿ ಇಂಗ್ಲಿಷರ ಜೊತೆ ಮೊದಲ ಯುದ್ಧಕ್ಕೆ ಇಳಿದ ವರ್ಷ. 1971ರಿಂದ ಇದು ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಅಂತ ಮೀಸಲಾದ ಮನೆ. ಅಲ್ಲಿ ಅಧ್ಯಕ್ಷರು ಅಂದರೆ ನಮ್ಮ ಕುಲಪತಿಗಳು ಇದ್ದ ಹಾಗೆ. ನಿಜವಾದ ಯಜಮಾನಿಕೆ ಅವರದೇ.

ನಾನು ಕೆಲಸದ ಮೇಲೆ ಆ ಊರಿನಲ್ಲಿ ಕೆಲವು ವರ್ಷ ಇದ್ದೆ. ಸಂಜೆ ಹೊತ್ತು ಹಾರ್ವರ್ಡ್ ಸ್ಕ್ವೇರ್‌ನಿಂದ ಬ್ರಾಟಲ್ ಸ್ಟ್ರೀಟ್ ಹಿಡಿದು ಪಶ್ಚಿಮಕ್ಕೆ ಸುಮ್ನೆ ನಡೆಯುತ್ತಿದ್ದೆ. ಎರಡು ಕಿಲೋಮೀಟರ್ ಆಗುವ ಹೊತ್ತಿಗೆ ಅಂಗಡಿ, ಗದ್ದಲ ಎಲ್ಲ ಹಿಂದೆ ಉಳಿಯುತ್ತದೆ. ಮರಗಳ ನಡುವೆ ಈ ಮನೆ ಕಾಣುತ್ತದೆ. ಗೇಟಿನ ಆಚೆಯಿಂದ ನೋಡಿದ್ದೇನೆಯೇ ಹೊರತು ಒಳಗೆ ಹೋಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಒಳಗಿನ ಸೋಫಾ ಹೇಗಿತ್ತು ಅಂತ ಕೇಳಬಾರದು.

ಅಧ್ಯಕ್ಷರ ಮನೆ ವಿಶ್ವವಿದ್ಯಾಲಯದಿಂದ ಅಷ್ಟು ದೂರ ಯಾಕೆ? ನನ್ನನ್ನು ಹಿಡಿದದ್ದು ಈ ಪ್ರಶ್ನೆ. ಯಾಕೆಂದರೆ ಮುಂಚೆ ಹಾಗಿರಲಿಲ್ಲ. 1726ರಿಂದ 1849ರವರೆಗೆ ಹಾರ್ವರ್ಡ್ ಅಧ್ಯಕ್ಷರು ಇದ್ದದ್ದು ವಾಡ್ಸ್‌ವರ್ತ್ ಹೌಸ್‌ನಲ್ಲಿ. ಅದು ಕಾಲೇಜಿನ ಅಂಗಳಕ್ಕೇ ಅಂಟಿಕೊಂಡ ಹಳದಿ ಬಣ್ಣದ ಮನೆ, ಈಗಲೂ ಇದೆ. ಆಮೇಲೆ ಕ್ವಿನ್ಸಿ ಸ್ಟ್ರೀಟಿನ 17ನೇ ನಂಬರಿನ ಮನೆ. 1912ರಲ್ಲಿ ಅಲ್ಲಿ ಹೊಸದಾಗಿ ಇಟ್ಟಿಗೆಯ ದೊಡ್ಡ ಮನೆ ಎದ್ದಿತು. ಕಟ್ಟಿಸಿದ್ದು ಆಗಿನ ಅಧ್ಯಕ್ಷ ಎ. ಲಾರೆನ್ಸ್ ಲೋವೆಲ್, ತನ್ನ ಸ್ವಂತ ದುಡ್ಡಿನಲ್ಲಿ. ನಕ್ಷೆ ಹಾಕಿದ್ದು ಅವರ ದಾಯಾದಿ ಗೈ ಲೋವೆಲ್. ಈ ಲೋವೆಲ್ ಅನ್ನುವ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೂ ಎರಡು ಸಲ ಬರುತ್ತದೆ. ಆ ಮನೆಯೂ ಕಾಲೇಜಿನ ಅಂಗಳದ ಅಂಚಿನಲ್ಲೇ. ಅಂದರೆ ವಿದ್ಯಾರ್ಥಿಗೆ ಸಿಟ್ಟು ಬಂದರೆ ಅಧ್ಯಕ್ಷರ ಬಾಗಿಲಿಗೆ ಐದು ನಿಮಿಷದ ದಾರಿ.

1969ರ ಏಪ್ರಿಲ್ 8ರ ರಾತ್ರಿ ಆದದ್ದೂ ಅದೇ. ವಿಯೆಟ್ನಾಂ ಯುದ್ಧದ ಕಾಲ. ಕ್ಯಾಂಪಸ್ಸಿನಲ್ಲಿ ಸೈನ್ಯಾಧಿಕಾರಿಗಳ ತರಬೇತಿ ಇರಬಾರದು ಅನ್ನುವುದು ಮುಖ್ಯ ಬೇಡಿಕೆ. ಸುಮಾರು ಮುನ್ನೂರು ವಿದ್ಯಾರ್ಥಿಗಳು ಅಧ್ಯಕ್ಷ ನೇಥನ್ ಪ್ಯುಸಿ ಅವರ ಮನೆಗೆ ಮೆರವಣಿಗೆ ಹೋದರು. ಬೇಡಿಕೆಗಳ ಪಟ್ಟಿಯನ್ನು ಬಾಗಿಲಿಗೇ ಚುಚ್ಚಿ ಬಂದರು. ಮರುದಿನ ಮಧ್ಯಾಹ್ನ ಆಡಳಿತ ಕಚೇರಿಗಳಿದ್ದ ಯೂನಿವರ್ಸಿಟಿ ಹಾಲ್‌ಗೆ ನುಗ್ಗಿ ಡೀನ್‌ಗಳನ್ನು ಹೊರಗೆ ಕಳಿಸಿದರು. ಅದರ ಮರುದಿನ ಬೆಳಗಿನ ಜಾವ ಪ್ಯುಸಿ ಪೊಲೀಸರನ್ನು ಕರೆಸಿದರು. ಲಾಠಿ ಬೀಸಿತು. ಅಲ್ಲಿಯವರೆಗೆ ಗಲಾಟೆಗೆ ಸೇರದೆ ಇದ್ದ ವಿದ್ಯಾರ್ಥಿಗಳೂ ಆ ದಿನ ಮುಷ್ಕರಕ್ಕೆ ಇಳಿದರು.

ಎರಡು ವರ್ಷದ ಮೇಲೆ ಪ್ಯುಸಿ ಇಳಿದು ಡೆರೆಕ್ ಬಾಕ್ ಅಧ್ಯಕ್ಷರಾದರು. ಅವರಿಗೆ ಮೂವರು ಸಣ್ಣ ಮಕ್ಕಳು. ಪಟ್ಟಿ ಚುಚ್ಚಿಸಿಕೊಂಡ ಆ ಬಾಗಿಲಿನ ಹಿಂದೆ ಸಂಸಾರ ಹೂಡಲು ಅವರಿಗೆ ಮನಸ್ಸಾಗಲಿಲ್ಲ. ದೂರದ, ಶಾಂತವಾದ ಎಲ್ಮ್‌ವುಡ್‌ಗೆ ಹೋದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ತಮಾಷೆ ಏನು ಗೊತ್ತೇ? ಗುಂಪಿನಿಂದ ತಪ್ಪಿಸಿಕೊಳ್ಳಲು ಅವರು ಆರಿಸಿಕೊಂಡ ಮನೆ ಇದೆಯಲ್ಲ, ಆ ಊರಿನ ಚರಿತ್ರೆಯಲ್ಲಿ ಬಹಳ ದೊಡ್ಡ ಗುಂಪೊಂದು ಬಂದು ಸುತ್ತಿಕೊಂಡ ಮನೆ ಅದೇ.

ಈಗ 1774ಕ್ಕೆ ಹೋಗೋಣ.

ಮನೆ ಕಟ್ಟಿಸಿದವನು ಥಾಮಸ್ ಆಲಿವರ್. ಕೆರಿಬಿಯನ್ ಸಮುದ್ರದ ಆಂಟಿಗಾ ದ್ವೀಪದಲ್ಲಿ ಹುಟ್ಟಿದವನು. ಹಾರ್ವರ್ಡ್‌ನಲ್ಲಿ ಓದಿದವನು. ಶ್ರೀಮಂತ, ಮೃದು ಸ್ವಭಾವದವನು, ಸಾರ್ವಜನಿಕ ಜಗಳಕ್ಕೆ ಹೋದವನಲ್ಲ. ಹೆಂಡತಿ ಎಲಿಜಬೆತ್ ವಾಸಲ್. ಅವಳ ಅಣ್ಣ ಜಾನ್ ವಾಸಲ್‌ನ ಹೆಂಡತಿ ಯಾರು? ಆಲಿವರನ ತಂಗಿ, ಅವಳ ಹೆಸರೂ ಎಲಿಜಬೆತ್ತೇ. ಕೊಟ್ಟು ತಂದ ಸಂಬಂಧ. ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಜಾನ್ ವಾಸಲ್‌ನ ಮನೆಯೂ ಅದೇ ಬ್ರಾಟಲ್ ಸ್ಟ್ರೀಟಿನಲ್ಲಿ. ಇಡೀ ಬೀದಿಯಲ್ಲಿ ಇಂಥ ನೆಂಟರಿಷ್ಟರ ದೊಡ್ಡ ಮನೆಗಳು. ಎಲ್ಲರೂ ಇಂಗ್ಲೆಂಡಿನ ರಾಜನ ಕಡೆಯವರು. ಅದಕ್ಕೇ ಆ ಬೀದಿಗೆ ಟೋರಿಗಳ ಸಾಲು ಅಂತ ಹೆಸರು ಬಿತ್ತು.

ದುಡ್ಡು ಎಲ್ಲಿಂದ ಬಂತು? ಕಬ್ಬಿನಿಂದ. ಆಂಟಿಗಾ, ಜಮೈಕಾ ದ್ವೀಪಗಳ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ಬೀದಿಯ ಮನೆಗಳಲ್ಲೂ ಗುಲಾಮರಿದ್ದರು. ಮ್ಯಾಸಚೂಸೆಟ್ಸ್ ಅಂದರೆ ಗುಲಾಮಗಿರಿಯ ವಿರುದ್ಧ ಹೋರಾಡಿದ ರಾಜ್ಯ ಅಂತಲೇ ನಾವು ಓದಿರುತ್ತೇವೆ. ಹೋರಾಟವೂ ನಿಜ, ಅದಕ್ಕೆ ಮುಂಚಿನ ನೂರೈವತ್ತು ವರ್ಷವೂ ನಿಜ. ಇದೇ ಬಂಧುಬಳಗದ ಇನ್ನೊಬ್ಬ ಐಸಾಕ್ ರಾಯಲ್. ಅವನದೂ ಆಂಟಿಗಾದ ದುಡ್ಡೇ. ಅವನು ಉಯಿಲಿನಲ್ಲಿ ಬಿಟ್ಟುಹೋದ ಆಸ್ತಿಯಿಂದ 1815ರಲ್ಲಿ ಹಾರ್ವರ್ಡ್‌ನ ಮೊದಲ ಕಾನೂನು ಪ್ರಾಧ್ಯಾಪಕ ಪೀಠ ಶುರುವಾಯಿತು. ರಾಯಲ್ ಮನೆತನದ ಲಾಂಛನದಲ್ಲಿದ್ದ ಮೂರು ಗೋಧಿ ಸಿವುಡು ಆ ಕಾನೂನು ಶಾಲೆಯ ಲಾಂಛನದಲ್ಲೂ ಇತ್ತು. ವಿದ್ಯಾರ್ಥಿಗಳು ಎದ್ದು ನಿಂತ ಮೇಲೆ 2016ರಲ್ಲಿ ತೆಗೆದರು.

ಸರಿ, ಆಲಿವರ್. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆ ಎಸೆದದ್ದು ನಿಮಗೆ ಗೊತ್ತು. ಅದಕ್ಕೆ ಶಿಕ್ಷೆಯಾಗಿ ಇಂಗ್ಲೆಂಡಿನ ಪಾರ್ಲಿಮೆಂಟು ಆ ಪ್ರಾಂತ್ಯದ ಆಡಳಿತವನ್ನೇ ಬದಲಿಸಿತು. ಜನಪ್ರತಿನಿಧಿಗಳು ಚುನಾಯಿಸುತ್ತಿದ್ದ ಮಂಡಳಿ ರದ್ದು. ಇನ್ನು ಮುಂದೆ ಸದಸ್ಯರನ್ನು ರಾಜನೇ ನೇಮಿಸುತ್ತಾನೆ. ಆ ನೇಮಕದಲ್ಲಿ ಆಲಿವರನ ಹೆಸರೂ ಬಂತು. ಅದರ ಜೊತೆಗೆ ಲೆಫ್ಟಿನೆಂಟ್ ಗವರ್ನರ್ ಹುದ್ದೆ. ಇವನ ಹೆಸರು ಯಾಕೆ ಬಂತು ಅಂತ ಊರಿಗೇ ಆಶ್ಚರ್ಯ. ಪೀಟರ್ ಆಲಿವರ್ ಅನ್ನುವ ಇನ್ನೊಬ್ಬ ದೊಡ್ಡ ಮನುಷ್ಯನ ಬದಲು ತಪ್ಪಾಗಿ ಇವನ ಹೆಸರು ಬರೆದಿದ್ದಾರೆ ಅಂತ ಆಗಲೇ ಗುಸುಗುಸು ಇತ್ತು. ಸರ್ಕಾರಿ ಕಡತದಲ್ಲಿ ಹೆಸರು ಅದಲುಬದಲಾಗುವುದು ನಮಗೇನು ಹೊಸದಲ್ಲ.

ಸೆಪ್ಟೆಂಬರ್ 1, 1774. ಬೆಳಗಿನ ಜಾವ ಬ್ರಿಟಿಷ್ ಸೈನಿಕರು ಹತ್ತಿರದ ಮದ್ದಿನ ಮನೆಯಿಂದ ಪ್ರಾಂತ್ಯದ ಮದ್ದುಗುಂಡನ್ನು ಹೊತ್ತುಕೊಂಡು ಹೋದರು. ರಾತ್ರಿಯಾಗುವ ಹೊತ್ತಿಗೆ ಸುದ್ದಿಗೆ ಬಾಲ ಬೆಳೆಯಿತು. ಗುಂಡು ಹಾರಿತಂತೆ, ಜನ ಸತ್ತರಂತೆ, ಬಾಸ್ಟನ್ ಹೊತ್ತಿ ಉರಿಯುತ್ತಿದೆಯಂತೆ. ಫೋನಿಲ್ಲ, ವಾಟ್ಸಾಪಿಲ್ಲ. ಆದರೂ ರಾತ್ರೋರಾತ್ರಿ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ರೈತರು ಹೊರಟರು. ಮರುದಿನ ಬೆಳಿಗ್ಗೆ ಕೇಂಬ್ರಿಜ್ ಮೈದಾನದಲ್ಲಿ ಜನವೋ ಜನ. ಸುದ್ದಿ ಸುಳ್ಳು ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಬಂದೂಕು ತಂದವರು ಅದನ್ನು ಹಿಂದಿನ ಊರಿನಲ್ಲೇ ಇಟ್ಟು ಬರೀ ಕೋಲು ಹಿಡಿದು ಬಂದಿದ್ದರು. ಆದರೆ ಬಂದದ್ದಾಗಿದೆ, ವಾಪಸ್ ಹೋಗುವ ಮುಂಚೆ ರಾಜನ ಮಂಡಳಿಯ ಸದಸ್ಯರ ಹತ್ತಿರ ರಾಜೀನಾಮೆ ಬರೆಸಿಕೊಂಡೇ ಹೋಗೋಣ ಅಂತ ನಿಂತರು. ಒಬ್ಬೊಬ್ಬರೇ ಬಂದು ಕೊಟ್ಟರು.

ಆಲಿವರ್ ಬೆಳಿಗ್ಗೆ ಗುಂಪಿನ ಜೊತೆ ಮಾತಾಡಿದ. ಬಾಸ್ಟನ್‌ಗೆ ಓಡಿದ. ದಯವಿಟ್ಟು ಸೈನ್ಯ ಕಳಿಸಬೇಡಿ, ರಕ್ತ ಹರಿಯುತ್ತದೆ ಅಂತ ಗವರ್ನರ್ ಗೇಜ್‌ಗೆ ಹೇಳಿ ಬಂದ. ಇಷ್ಟೆಲ್ಲ ಮಾಡಿದ ಮೇಲೆ ತನ್ನನ್ನು ಬಿಟ್ಟಾರು ಅಂದುಕೊಂಡಿದ್ದ. ಮಧ್ಯಾಹ್ನದ ಮೇಲೆ ಗುಂಪು ಅವನ ಮನೆಗೇ ಬಂತು. ಅಂಗಳ ತುಂಬಿತು. ಒಳಗೆ ಹೆಂಡತಿ ಮಕ್ಕಳು ಅಳುತ್ತಿದ್ದಾರೆ. ಬರೆದು ತಂದಿದ್ದ ರಾಜೀನಾಮೆ ಪತ್ರವನ್ನು ಅವನ ಮುಂದೆ ಇಟ್ಟರು. ಅವನು ಸಹಿ ಹಾಕಿದ. ಹಾಕುವಾಗ ಒಂದು ಸಾಲು ಸೇರಿಸಿದ. ಕೇಂಬ್ರಿಜ್‌ನ ನನ್ನ ಮನೆಯನ್ನು ಸುಮಾರು ನಾಲ್ಕು ಸಾವಿರ ಜನ ಸುತ್ತುವರಿದಿರುವುದರಿಂದ, ಅವರ ಅಪ್ಪಣೆಯಂತೆ ನನ್ನ ಹೆಸರು ಬರೆಯುತ್ತಿದ್ದೇನೆ ಅಂತ.

ನನಗೆ ಈ ಸಾಲು ಬಹಳ ಇಷ್ಟ. ಸೋತ ಮನುಷ್ಯ, ಆದರೆ ದಾಖಲೆ ಸರಿಯಾಗಿರಬೇಕು ಅನ್ನುತ್ತಾನೆ. ಗುಂಪಿನವರೂ ಅದನ್ನು ಹೊಡೆದು ಹಾಕಲಿಲ್ಲ. ಪತ್ರ ತೆಗೆದುಕೊಂಡು ಮನೆಗೆ ಹೋದರು. ಕಿಟಕಿ ಗಾಜು ಒಡೆಯಲು ಕಾದು ಕೂತ ಮಾಮೂಲಿ ಗಲಾಟೆ ಇದಲ್ಲ. ಲೆಕ್ಸಿಂಗ್ಟನ್‌ನಲ್ಲಿ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರುವುದಕ್ಕೆ ಇನ್ನೂ ಏಳು ತಿಂಗಳಿದೆ. ಗುಂಡಿಲ್ಲದೆ ರಾಜನ ಆಡಳಿತ ಮುಗಿದದ್ದು ಆ ಅಂಗಳದಲ್ಲಿ ಅಂತ ನನ್ನ ಅಭಿಪ್ರಾಯ.

ಆಲಿವರ್ ಸಂಸಾರ ಸಮೇತ ಬಾಸ್ಟನ್ ಸೇರಿದ. 1776ರ ಮಾರ್ಚಿನಲ್ಲಿ ಬ್ರಿಟಿಷರ ಹಡಗಿನಲ್ಲಿ ಹೊರಟುಹೋದ. 1815ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸತ್ತ. ಖಾಲಿ ಮನೆಗೆ ಯಾರ್ಯಾರೋ ಬಂದರು. ಮೊದಲು ಕನೆಕ್ಟಿಕಟ್‌ನಿಂದ ಬಂದ ಒಂದು ಸೈನ್ಯದ ತುಕಡಿ. ಅದರ ನಾಯಕ ಬೆನೆಡಿಕ್ಟ್ ಆರ್ನಾಲ್ಡ್. ಹೌದು, ಮುಂದೆ ಅಮೆರಿಕದಲ್ಲಿ ದ್ರೋಹಕ್ಕೇ ಇನ್ನೊಂದು ಹೆಸರಾದನಲ್ಲ, ಅವನೇ. ಬಂಕರ್ ಹಿಲ್ ಕಾಳಗದ ಮೇಲೆ ಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಆಗ ಜಾರ್ಜ್ ವಾಷಿಂಗ್ಟನ್ ಎಲ್ಲಿದ್ದರು ಅಂದರೆ, ಮೊದಲು ಕೆಲವು ದಿನ ಹಾರ್ವರ್ಡ್ ಅಧ್ಯಕ್ಷರ ವಾಡ್ಸ್‌ವರ್ತ್ ಹೌಸ್‌ನಲ್ಲಿ, ಆಮೇಲೆ ಆಲಿವರನ ಭಾವ ಜಾನ್ ವಾಸಲ್ ಬಿಟ್ಟುಹೋದ ಮನೆಯಲ್ಲಿ. ನೆಂಟರ ಮನೆಗಳೆಲ್ಲ ದಂಡಿನವರ ಪಾಲಾದವು.

ನಡುವೆ ಒಬ್ಬ ವ್ಯಾಪಾರಿಯ ಕೈ ಸೇರಿ, 1787ರಲ್ಲಿ ಮನೆ ಎಲ್ಬ್ರಿಜ್ ಗೆರಿಗೆ ಬಂತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. ಮನೆ ಕೊಂಡ ವರ್ಷವೇ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಸಭೆ ನಡೆಯಿತು. ಕೊನೆಯವರೆಗೆ ಕೂತು, ಸಹಿ ಹಾಕಲ್ಲ ಅಂದ ಮೂವರಲ್ಲಿ ಈತನೂ ಒಬ್ಬ. ಹಕ್ಕುಗಳ ಪಟ್ಟಿ ಇಲ್ಲ ಅನ್ನುವುದು ತಕರಾರುಗಳಲ್ಲಿ ಒಂದು. ನೋಡಿ, ಈ ಮನೆಯವರ ಹಣೆಬರಹವೆಲ್ಲ ಸಹಿಯಲ್ಲೇ ಇದೆ.

ಗೆರಿಯ ಕಾಲದಲ್ಲೂ ಗುಂಪು ಬಾಗಿಲಿಗೆ ಬಂತು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಕತೆ. 1797ರಲ್ಲಿ ಫ್ರಾನ್ಸ್ ಜೊತೆ ಸಂಧಾನಕ್ಕೆ ಮೂವರನ್ನು ಕಳಿಸಿದರು. ಫ್ರೆಂಚರು ಲಂಚ ಕೇಳಿದರು. ಇಬ್ಬರು ಸಿಟ್ಟಾಗಿ ವಾಪಸ್ ಹೊರಟರು. ನಾನೂ ಹೊರಟರೆ ಯುದ್ಧವೇ ಆದೀತು ಅಂತ ಗೆರಿ ಒಬ್ಬನೇ ಪ್ಯಾರಿಸ್‌ನಲ್ಲಿ ಉಳಿದ. ಊರಿನಲ್ಲಿ ಅವನ ಮೇಲೆ ದ್ರೋಹಿ ಅನ್ನುವ ಕೂಗೆದ್ದಿತು. ಮನೆಯಲ್ಲಿ ಇದ್ದದ್ದು ಹೆಂಡತಿ ಆನ್ ಮತ್ತು ಸಣ್ಣ ಮಕ್ಕಳು. ರಾತ್ರಿ ಹೊತ್ತು ಬಂದು ಕಿರುಚುತ್ತಿದ್ದರು. ಸೌದೆಗೆ ಬೆಂಕಿ ಹಚ್ಚಿ ಹೆದರಿಸುತ್ತಿದ್ದರು. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಎದುರಿನ ಹೊಲದಲ್ಲಿ ತಲೆ ಕಡಿಯುವ ಯಂತ್ರ ಗಿಲೋಟಿನ್‌ನ ಮಾದರಿ, ಅದಕ್ಕೆ ಬಳಿದ ರಕ್ತ, ತಲೆಯಿಲ್ಲದ ಬೊಂಬೆ. 1774ರ ಗುಂಪು ಹಾಡುಹಗಲು ಬಂದು, ಗಂಡಸಿನ ಎದುರು ನಿಂತು, ಕಾಗದ ತೆಗೆದುಕೊಂಡು ಹೋಗಿತ್ತು. ಇದು ಕತ್ತಲಲ್ಲಿ ಬಂದ ಗುಂಪು. ಎರಡನ್ನೂ ಜನಶಕ್ತಿ ಅಂತ ಒಂದೇ ಹೆಸರಿನಲ್ಲಿ ಕರೆಯಲು ನಾನು ಒಪ್ಪುವುದಿಲ್ಲ.

ಗೆರಿ 1810ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆದ. 1812ರಲ್ಲಿ ಅವನ ಪಕ್ಷ ತನಗೆ ಅನುಕೂಲವಾಗುವ ಹಾಗೆ ಚುನಾವಣಾ ಕ್ಷೇತ್ರಗಳನ್ನು ಕತ್ತರಿಸಿ ಜೋಡಿಸಿತು. ಒಲ್ಲದ ಮನಸ್ಸಿನಿಂದ ಸಹಿ ಹಾಕಿದ ಅನ್ನುತ್ತಾರೆ. ಒಂದು ಕ್ಷೇತ್ರ ಎಷ್ಟು ಸೊಟ್ಟಗಿತ್ತು ಅಂದರೆ, ಪತ್ರಿಕೆಯವರು ಅದಕ್ಕೆ ರೆಕ್ಕೆ, ಉಗುರು, ಹಲ್ಲು ಬರೆದು ಮೃಗ ಮಾಡಿದರು. ಸಾಲಮಾಂಡರ್ ಅಂತ ಹಲ್ಲಿಯಂಥ ಒಂದು ಪ್ರಾಣಿ ಇದೆಯಲ್ಲ, ಅದಕ್ಕೆ ಗೆರಿಯ ಹೆಸರು ಸೇರಿಸಿ ಗೆರಿಮ್ಯಾಂಡರ್ ಅಂದರು. ಇವತ್ತು ಪ್ರಪಂಚದಲ್ಲಿ ಎಲ್ಲೇ ಕ್ಷೇತ್ರ ಮರುವಿಂಗಡಣೆಯ ಜಗಳವಾದರೂ ಈ ಪದ ಬರುತ್ತದೆ. ಅದರಲ್ಲೂ ಪಾಪ, ಎಲ್ಲರೂ ಜೆರಿಮ್ಯಾಂಡರ್ ಅನ್ನುತ್ತಾರೆ. ಬೈಗುಳದಲ್ಲಿ ಹೆಸರು ಉಳಿಯಿತು, ಉಚ್ಚಾರಣೆ ಉಳಿಯಲಿಲ್ಲ.

ಆ ವರ್ಷ ಗವರ್ನರ್ ಚುನಾವಣೆಯಲ್ಲಿ ಸೋತ. ಆದರೆ ಅಮೆರಿಕದ ಉಪಾಧ್ಯಕ್ಷನಾಗಿ ಗೆದ್ದ. 1813ರ ಮಾರ್ಚಿನಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಈ ಮನೆಯಲ್ಲೇ. ಮರುವರ್ಷ ನವೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡ. ಸಾಲ ಬಿಟ್ಟು ಹೋದ.

1818ರಲ್ಲಿ ಮನೆಯನ್ನು ಕೊಂಡವರು ಚಾರ್ಲ್ಸ್ ಲೋವೆಲ್ ಎಂಬ ಪಾದ್ರಿ. ಲೋವೆಲ್ ಹೆಸರು ಎರಡನೇ ಸಲ ಬಂತು. ಅವರ ಮಗ ಜೇಮ್ಸ್ ರಸೆಲ್ ಲೋವೆಲ್ ಹುಟ್ಟಿದ್ದು 1819ರ ಫೆಬ್ರವರಿ 22, ಈ ಮನೆಯಲ್ಲಿ. ಸತ್ತದ್ದು 1891ರ ಆಗಸ್ಟ್ 12, ಈ ಮನೆಯಲ್ಲೇ. ಕವಿ, ವಿಮರ್ಶಕ, ಹಾರ್ವರ್ಡ್‌ನಲ್ಲಿ ಮೇಷ್ಟ್ರು. ಗುಲಾಮಗಿರಿಯ ವಿರುದ್ಧ ಕಟುವಾಗಿ ಬರೆದವರು. ಆ ಕಡೆಗೆ ಅವರನ್ನು ಎಳೆದವರು ಹೆಂಡತಿ ಮರಿಯಾ ವೈಟ್, ಅವರೂ ಕವಿ. ಗುಲಾಮರ ದುಡಿಮೆಯ ಹಣದಲ್ಲಿ ಎದ್ದ ಮನೆಯ ಅಟ್ಟದಲ್ಲಿ ಕೂತು ಗುಲಾಮಗಿರಿಯ ವಿರುದ್ಧ ಪದ್ಯ ಬರೆದರು. ಮನೆಗೇನು, ಅದು ಯಾರು ಬಂದರೂ ಇರಗೊಡುತ್ತದೆ.

ಸಂಸಾರ ಸುಖ ಅವರಿಗೆ ಹೆಚ್ಚು ದಿನ ಇರಲಿಲ್ಲ. ನಾಲ್ಕು ಮಕ್ಕಳಲ್ಲಿ ಮೂರು ಸಣ್ಣ ವಯಸ್ಸಿನಲ್ಲೇ ಹೋದವು. 1853ರಲ್ಲಿ ಮರಿಯಾ ಕೂಡ. ಅಂತರ್ಯುದ್ಧದಲ್ಲಿ ಅಣ್ಣನ, ಅಕ್ಕನ ಮಕ್ಕಳ ಪೈಕಿ ಮೂವರು ಸತ್ತರು. ಮನೆಯ ಸುತ್ತ ಎಲ್ಮ್ ಮರಗಳಿದ್ದವು. ಎಲ್ಮ್‌ವುಡ್ ಅನ್ನುವ ಹೆಸರು ಈ ಲೋವೆಲ್‌ಗಳ ಕಾಲದ್ದೇ. ಇಪ್ಪತ್ತನೇ ಶತಮಾನದಲ್ಲಿ ಬಂದ ಒಂದು ಶಿಲೀಂಧ್ರ ರೋಗ ಅಮೆರಿಕದ ಎಲ್ಮ್‌ಗಳನ್ನು ಲಕ್ಷಗಟ್ಟಲೆ ಕೊಂದಿತು. ಹೆಸರು ಉಳಿದಿದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಈ ಮನೆಗೆ ಹತ್ತಿರದಲ್ಲೇ ಫ್ರೆಶ್ ಪಾಂಡ್ ಅಂತ ಒಂದು ಕೆರೆ ಇದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಲೋವೆಲ್ ಹುಡುಗನಾಗಿದ್ದಾಗ ಅಲ್ಲಿ ಕುದುರೆ ಕಟ್ಟಿದ ನೇಗಿಲಿನಂಥ ಯಂತ್ರದಿಂದ ಐಸ್ ಕೊಯ್ಯುತ್ತಿದ್ದರು. ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ ವ್ಯಾಪಾರಿ ಈ ಕೆರೆಯ, ಸುತ್ತಲಿನ ಇನ್ನೂ ಕೆಲವು ಕೆರೆಗಳ ಐಸನ್ನು ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿನಲ್ಲಿ ಮಾರಲು ಕಳಿಸುತ್ತಿದ್ದ. 1833ರಲ್ಲಿ 180 ಟನ್ ಹೊತ್ತ ಹಡಗು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪ್ರಯಾಣ. ಕರಗಿ ಉಳಿದದ್ದು ಸುಮಾರು 100 ಟನ್. ಆಮೇಲೆ ಮದ್ರಾಸಿಗೂ ಬಂತು. ಚೆನ್ನೈನ ಮರೀನಾ ಬೀಚಿನ ಎದುರು ದುಂಡಗಿನ ಐಸ್ ಹೌಸ್ ಇದೆಯಲ್ಲ, ಅದು ಈ ಐಸಿಗೆ ಕಟ್ಟಿದ್ದು.

ಅದೇ ಐಸ್ ಹೌಸಿನಲ್ಲಿ 1897ರಲ್ಲಿ ಅಮೆರಿಕದಿಂದ ಹಿಂದಿರುಗಿದ ವಿವೇಕಾನಂದರು ಉಳಿದುಕೊಂಡಿದ್ದರು. ಈಗ ಅದಕ್ಕೆ ಅವರದೇ ಹೆಸರು. ಈ ಎಳೆ ವಾಪಸ್ ಎಲ್ಮ್‌ವುಡ್‌ಗೇ ಹೋಗುತ್ತದೆ. ಲೋವೆಲ್ 1877ರಿಂದ ಎಂಟು ವರ್ಷ ಮೊದಲು ಸ್ಪೇನ್‌ನಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ರಾಯಭಾರಿಯಾಗಿದ್ದರು. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. 1879-80ರ ಚಳಿಗಾಲದಲ್ಲಿ ಅಲ್ಲಿ ಬಾಡಿಗೆಗೆ ಇದ್ದವರು ನಾರ್ವೆಯ ಹೆಸರಾಂತ ಪಿಟೀಲು ವಾದಕ ಓಲೆ ಬುಲ್ ಮತ್ತು ಅವರ ಹೆಂಡತಿ ಸಾರಾ. ಆ ವರ್ಷವೇ ಓಲೆ ಬುಲ್ ತೀರಿಕೊಂಡರು. ಸಾರಾ ಮುಂದೆ ಬ್ರಾಟಲ್ ಸ್ಟ್ರೀಟಿನಲ್ಲೇ ಮನೆ ಮಾಡಿದರು. 1894ರಿಂದ ಆ ಮನೆಯಲ್ಲಿ ವಿವೇಕಾನಂದರು ಅತಿಥಿ. ಹಾರ್ವರ್ಡ್‌ನಲ್ಲಿ 1896ರಲ್ಲಿ ಅವರು ವೇದಾಂತದ ಬಗ್ಗೆ ಮಾತಾಡಿದಾಗಲೂ ಈ ಬಳಗವೇ ಜೊತೆಗಿತ್ತು. ಬೇಲೂರು ಮಠಕ್ಕೆ, ಅಂದರೆ ಕೊಲ್ಕತ್ತಾ ಹತ್ತಿರದ ಬೇಲೂರು, ನಮ್ಮ ಹಾಸನದ್ದಲ್ಲ, ಸಾರಾ ಬುಲ್ ದೊಡ್ಡ ಮೊತ್ತ ಕೊಟ್ಟರು. ಅಮೆರಿಕಕ್ಕೆ ಹೋಗುವ ಮುಂಚೆ 1892ರಲ್ಲಿ ವಿವೇಕಾನಂದರು ಇಲ್ಲೇ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ದಾರಿಗೆ ಬರೋಣ.

1920ರ ದಶಕದಲ್ಲಿ ಮನೆ ಆರ್ಥರ್ ಕಿಂಗ್ಸ್ಲಿ ಪೋರ್ಟರ್ ಅವರದಾಯಿತು. ಹಾರ್ವರ್ಡ್‌ನಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕ, ಹುಟ್ಟು ಶ್ರೀಮಂತ. ಹೆಂಡತಿ ಲೂಸಿಯ ಜೊತೆ ಯುರೋಪಿನ ಹಳೆಯ ಚರ್ಚುಗಳನ್ನು ಸುತ್ತಿ, ಒಂದೊಂದು ಶಿಲ್ಪದ ಫೋಟೋ ತೆಗೆದು, ಹತ್ತು ಸಂಪುಟ ಬರೆದವರು. ಐರ್ಲೆಂಡಿನಲ್ಲಿ ಒಂದು ಕೋಟೆಮನೆಯನ್ನೂ ಕೊಂಡಿದ್ದರು. 1933ರ ಜುಲೈನಲ್ಲಿ ಅಲ್ಲಿಯ ಇನಿಶ್‌ಬೋಫಿನ್ ಎಂಬ ಪುಟ್ಟ ದ್ವೀಪದಲ್ಲಿ ಬೆಳಿಗ್ಗೆ ನಡೆಯಲು ಹೋದವರು ಮರಳಿ ಬರಲಿಲ್ಲ. ದೇಹ ಸಿಗಲೇ ಇಲ್ಲ. ಲೂಸಿ ಎಲ್ಮ್‌ವುಡ್‌ನಲ್ಲಿ ಸುಮಾರು ಮೂವತ್ತು ವರ್ಷ ಒಂಟಿಯಾಗಿ ಬಾಳಿದರು. 1962ರಲ್ಲಿ ಅವರು ಹೋದ ಮೇಲೆ ಮನೆ ಹಾರ್ವರ್ಡ್‌ಗೆ ಬಂತು. ಅದೇ ವರ್ಷ ಅದನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೂ ಸೇರಿಸಿದರು. ಮೊದಲು ಕಲೆ ಮತ್ತು ವಿಜ್ಞಾನ ವಿಭಾಗದ ಡೀನ್‌ಗೆ ಕೊಟ್ಟರು. 1971ರಲ್ಲಿ ಬಾಕ್ ಬಂದರು.

ಬಾಕ್ ಅವರ ಹೆಂಡತಿ ಸಿಸೇಲಾ ತತ್ವಶಾಸ್ತ್ರಜ್ಞೆ. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಮತ್ತು ಆಲ್ವಾ ಮಿರ್ಡಾಲ್ ಅವರ ಮಗಳು. ಅಪ್ಪನಿಗೆ ಅರ್ಥಶಾಸ್ತ್ರದ ನೊಬೆಲ್, ಅಮ್ಮನಿಗೆ ಶಾಂತಿಯ ನೊಬೆಲ್. ಅಮ್ಮ 1955ರಿಂದ 1961ರವರೆಗೆ ದೆಹಲಿಯಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಸಿಸೇಲಾ ಸುಳ್ಳು ಹೇಳುವುದರ ನೀತಿ ಅನೀತಿಯ ಬಗ್ಗೆ ಗಂಭೀರವಾಗಿ ಬರೆದವರು. ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯಲ್ಲಿ ಇದ್ದುಕೊಂಡು ಆ ವಿಷಯ ಆರಿಸಿಕೊಂಡದ್ದು ನನಗೆ ಖುಷಿ ಕೊಡುತ್ತದೆ.

ಬಾಕ್ ಮಾಡಿದ ಬದಲಾವಣೆಯಿಂದ ಏನಾಯಿತು? ಅಧ್ಯಕ್ಷರ ಮನೆ ಒಂದು ಕಡೆ, ಕಚೇರಿ ಇನ್ನೊಂದು ಕಡೆ. ಹುಡುಗರ ಸಿಟ್ಟು ಕಚೇರಿಯ ಕಡೆ ತಿರುಗಿತು. ಮನೆ ಬರೀ ಮನೆಯಾಯಿತು, ಊಟಕ್ಕೆ ಕರೆಯುವ, ದಾನಿಗಳನ್ನು ಉಪಚರಿಸುವ ಜಾಗ. ಇದು ಒಳ್ಳೆಯದೋ ಕೆಟ್ಟದ್ದೋ? ಮಕ್ಕಳ ದೃಷ್ಟಿಯಿಂದ ಒಳ್ಳೆಯದೇ, ಆನ್ ಗೆರಿಯನ್ನು ನೆನೆದರೆ ಎರಡು ಮಾತಿಲ್ಲ. ಆದರೆ ದೊರೆಯ ಬಾಗಿಲು ಎಲ್ಲಿದೆ ಅಂತ ಪ್ರಜೆಗೆ ಗೊತ್ತಿರಬೇಕು, ನಡೆದು ಹೋಗುವಷ್ಟು ಹತ್ತಿರ ಇರಬೇಕು ಅಂತಲೂ ನನಗೆ ಅನಿಸುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಅಷ್ಟೇ ನನ್ನ ಮಾತು.

ಇಲ್ಲಿಗೆ ನಾನು ಬರೆದುಕೊಂಡು ಹೋಗಿದ್ದು ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ ಅಂದೆ. ಎರಡನೇ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಕೂತಲ್ಲಿಂದಲೇ ಕೇಳಿದರು: "ಅಲ್ಲಪ್ಪ, ಅಷ್ಟು ದೊಡ್ಡ ಮನೆ ಗುಡಿಸಿ ಒರೆಸೋರು ಯಾರು?"

ಸಭೆ ನಕ್ಕಿತು. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ, ಯಾಕೆಂದರೆ ಉತ್ತರ ಇತ್ತು. ಕಬ್ಬಿನ ತೋಟದ ಗುಲಾಮರ ಬಗ್ಗೆ ಹೇಳಿದ್ದೆ, ಅಧ್ಯಕ್ಷರ ಮನೆಯೊಳಗೆ ಗುಡಿಸಿದವರನ್ನು ಬಿಟ್ಟಿದ್ದೆ. ಹೀಗೆ ಹೇಳಿದೆ:

ಅಮ್ಮ, ಹಿಂದೆ ಅಧ್ಯಕ್ಷರಿದ್ದ ಮನೆ ವಾಡ್ಸ್‌ವರ್ತ್ ಹೌಸ್ ಅಂದೆನಲ್ಲ. ಅಲ್ಲಿ ಅಧ್ಯಕ್ಷ ಬೆಂಜಮಿನ್ ವಾಡ್ಸ್‌ವರ್ತ್ ಸಂಸಾರಕ್ಕೆ ದುಡಿದವರು ಟೈಟಸ್ ಮತ್ತು ವೀನಸ್. ಆಮೇಲಿನ ಅಧ್ಯಕ್ಷ ಎಡ್ವರ್ಡ್ ಹೋಲಿಯೋಕ್ ಸಂಸಾರಕ್ಕೆ ಜೂಬಾ ಮತ್ತು ಬಿಲ್ಹಾ. ನಾಲ್ವರೂ ಗುಲಾಮರು. 2016ರ ಏಪ್ರಿಲ್‌ನಲ್ಲಿ ಆ ಮನೆಯ ಗೋಡೆಗೆ ಅವರ ಹೆಸರಿನ ಕಲ್ಲಿನ ಫಲಕ ಹಾಕಿದರು. ಹಾಕಿದವರು ಆಗಿನ ಅಧ್ಯಕ್ಷೆ ಡ್ರೂ ಫೌಸ್ಟ್, ಹಾರ್ವರ್ಡ್‌ನ ಮೊದಲ ಮಹಿಳಾ ಅಧ್ಯಕ್ಷೆ. ಅವರ ಜೊತೆ ನಾಗರಿಕ ಹಕ್ಕುಗಳ ಹೋರಾಟದ ಜಾನ್ ಲೂಯಿಸ್ ಬಂದಿದ್ದರು. ಮನೆ ಕಟ್ಟಿ 290 ವರ್ಷ ಆಗಿತ್ತು.

ಕ್ವಿನ್ಸಿ ಸ್ಟ್ರೀಟಿನ ಇಟ್ಟಿಗೆ ಮನೆ ಕಟ್ಟಿಸಿದ ಲಾರೆನ್ಸ್ ಲೋವೆಲ್ ಇದ್ದರಲ್ಲ, ಮೂರನೇ ಸಲ ಬಂದರು ನೋಡಿ. ಅವರ ಕಾಲದಲ್ಲಿ ಲೈಬ್ರರಿ ನೆಲ ಒರೆಸುವ ಹೆಂಗಸರಿಗೆ ಗಂಟೆಗೆ 35 ಸೆಂಟ್ ಕೊಡುತ್ತಿದ್ದರು. ಕಾನೂನಿನ ಪ್ರಕಾರ ಕನಿಷ್ಠ ಕೂಲಿ 37 ಸೆಂಟ್. ಸರ್ಕಾರದವರು ಕೇಳಿದಾಗ, ಎರಡು ಸೆಂಟ್ ಜಾಸ್ತಿ ಕೊಡುವ ಬದಲು 1929ರ ಕೊನೆಯಲ್ಲಿ 20 ಹೆಂಗಸರನ್ನು ಕೆಲಸದಿಂದ ತೆಗೆದರು. ದೊಡ್ಡ ಗುಲ್ಲಾಯಿತು. ಆಮೇಲೆ ಹಳೆಯ ವಿದ್ಯಾರ್ಥಿಗಳೇ ಚಂದಾ ಎತ್ತಿ ಆ ಹೆಂಗಸರಿಗೆ ಬಾಕಿ ಕೂಲಿ ಕೊಟ್ಟರು.

2001ರಲ್ಲಿ ಗುಡಿಸುವವರು, ಊಟ ಬಡಿಸುವವರು, ಕಾವಲುಗಾರರು ಇವರಿಗೆ ಗಂಟೆಗೆ ಕನಿಷ್ಠ 10.25 ಡಾಲರ್ ಕೊಡಿ ಅಂತ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿ ಇರುವ ಮ್ಯಾಸಚೂಸೆಟ್ಸ್ ಹಾಲ್‌ಗೆ ಹೊಕ್ಕು 21 ದಿನ ಕೂತರು. ಎಲ್ಮ್‌ವುಡ್‌ಗಲ್ಲ, ಕಚೇರಿಗೆ.

ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ನಾಲ್ಕು ಹೆಸರು ಇನ್ನೊಂದು ಸಲ ಹೇಳಿ" ಅಂದರು. ಹೇಳಿದೆ. ಪಕ್ಕದವರ ಹತ್ತಿರ ಪೆನ್ನು ಇಸಕೊಂಡು ಆಹ್ವಾನ ಪತ್ರಿಕೆಯ ಹಿಂದೆ ಬರೆದುಕೊಂಡರು. "ಬಿಲ್ಹಾ, ಮಹಾಪ್ರಾಣ ಅಲ್ವಲ್ಲ?" ಅಂತ ಕೇಳಿದರು. ಅಲ್ಲ ಅಂದೆ, ಲ ಒತ್ತು ಹ.

"ಲಕಾರಕ್ಕೆ ಹ ಒತ್ತು," ಅಂತ ಅವರೇ ತಿದ್ದಿದರು. ಇಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರಂತೆ.